ಕಸ್ತೂರಬಾಯಿ ಹೇಳಬೇಕಾಗಿದ್ದ ಮಾತು

ಇವತ್ತು ಬೆಳಿಗ್ಗೆ ಪುಣೆಯ ಖಡಕಿಯಲ್ಲಿ ನಮ್ಮ ಕ್ವಾರ್ಟರ್ಸಿನ ಎದುರು, ಗಟಾರದ ಅಂಚಿನುದ್ದಕ್ಕೂ ಬ್ಲೀಚಿಂಗ್ ಪುಡಿ ಚೆಲ್ಲಿಹೋದರು. ಮೊದಲ ನಾಲ್ಕು ಮಳೆ ಬಿದ್ದ ಮೇಲೆ ಇಲ್ಲಿ ಅದು ವರ್ಷವರ್ಷದ ಕೆಲಸ. ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಬಾಗಿಲು ತೆರೆದೆ. ಕೊಚ್ಚೆಯೂ ಆ ಪುಡಿಯೂ ಬೆರೆತ ವಾಸನೆ ಒಮ್ಮೆಲೇ ಒಳಗೆ ನುಗ್ಗಿತು. ಒಳಗಿನಿಂದ ನನ್ನ ಗಂಡ, "ಬಾಗಿಲು ಹಾಕೇ, ತಲೆನೋವು ಬರುತ್ತೆ" ಎಂದರು. ಹಾಕಿದೆ. ಆದರೆ ಚಹಾಕ್ಕಿಟ್ಟ ನೀರು ಕುದಿದು ಅರ್ಧ ಇಂಗುವವರೆಗೂ ನಾನು ಮೂರು ವರ್ಷದ ಹಿಂದಿನ ಹಡಪಸರದ ಒಂದು ಗಲ್ಲಿಯಲ್ಲಿ ನಿಂತಿದ್ದೆ, ಕೈಯಲ್ಲಿ ಪೊರಕೆ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು.

ಆ ಮಳೆಗಾಲದ ಬಗ್ಗೆ ನಾನು ಇಲ್ಲಿಯವರೆಗೆ ಬರೆದದ್ದು ಒಂದೇ ಒಂದು ವರದಿ. ಅದರಲ್ಲಿ ಸುಳ್ಳಿತ್ತು.

ಆಗ ನಾವು ಹಡಪಸರದಲ್ಲೇ ಬಾಡಿಗೆಗಿದ್ದೆವು. ನಾನು ಮೈಸೂರಿನವಳು, ಒಂದು ಕಂಪನಿಯಲ್ಲಿ ಕೈಪಿಡಿ ಬರೆಯುವ ಕೆಲಸ. ಇಂಜಿನಿಯರುಗಳು ಎರಡು ಗಂಟೆ ವಿವರಿಸಿದ್ದನ್ನು ಎರಡು ಪುಟಕ್ಕೆ ಇಳಿಸುವುದು ನನ್ನ ಕಸುಬು. ಆ ಕಸುಬಿನ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಆ ವರ್ಷ ಬೇಸಿಗೆಯಲ್ಲಿ ಗೆಳತಿಯೊಬ್ಬಳು ನನ್ನನ್ನು ಒಂದು ಸಣ್ಣ ಸಂಸ್ಥೆಗೆ ಪರಿಚಯಿಸಿದಳು. ಬಡಾವಣೆಯ ಜನ ಒಟ್ಟಿಗೆ ಕೂತು ಮಾತಾಡುವುದು, ಯಾವ ತೊಂದರೆ ಮೊದಲು ಅಂತ ತೀರ್ಮಾನಿಸುವುದು, ಅರ್ಜಿ ಹಿಡಿದು ವಾರ್ಡ್ ಕಚೇರಿಗೆ ಹೋಗಿ ಹೆದರದೆ ಕೇಳುವುದು, ಇಷ್ಟನ್ನು ಗುಂಪಿನ ಆಟಗಳ ಮೂಲಕ ಕಲಿಸುತ್ತಿದ್ದರು. ಕಾಲುವೆಯ ಕೆಳಗಿನ ಒಂದು ಗಲ್ಲಿಯಲ್ಲಿ ವಿಜಯಪುರ, ಕಲಬುರಗಿ ಕಡೆಯ ಹೆಂಗಸರೇ ಹೆಚ್ಚು, ಕನ್ನಡ ಬಲ್ಲವರು ಬೇಕು ಎಂದರು. ನಾಲ್ಕು ದಿನದ ತರಬೇತಿ ಕೊಟ್ಟು, ಒಂದು ಕಡತ ಕೈಗಿಟ್ಟು, ಶನಿವಾರ ಸಂಜೆಗಳನ್ನು ನನಗೆ ಒಪ್ಪಿಸಿದರು.

ಜೂನ್ ಮೊದಲ ಶನಿವಾರ ಬಾಲವಾಡಿಯ ಕೋಣೆಯಲ್ಲಿ ಹನ್ನೆರಡು ಜನ ಹೆಂಗಸರು ಬಂದು ಗೋಡೆಗೆ ಒರಗಿ ಕೂತರು. ನೆಲದ ಮೇಲೆ ರಂಗೋಲಿ ಪುಡಿಯಿಂದ ಅವರ ಗಲ್ಲಿಯ ನಕ್ಷೆ ಬಿಡಿಸುವುದು ಮೊದಲ ಆಟ. ಐದು ನಿಮಿಷ ಯಾರೂ ಅಲ್ಲಾಡಲಿಲ್ಲ. ಆಮೇಲೆ ಒಬ್ಬಾಕೆ ಎದ್ದು, ಸೆರಗು ಸಿಕ್ಕಿಸಿ, ಉದ್ದಕ್ಕೆ ಒಂದು ಗೆರೆ ಎಳೆದಳು.

"ಇದು ನಾಲಾ ನೋಡ್ರಿ. ಮೊದಲ ಇದನ್ನ ಹಾಕ್ಬೇಕು. ಉಳಿದಿದ್ದೆಲ್ಲಾ ಇದರ ಬಾಜೂಕ ಬರ್ತದ."

ಅವಳೇ ಕಸ್ತೂರಬಾಯಿ. ಇಂಡಿ ತಾಲ್ಲೂಕಿನವಳು, ಮದುವೆಯಾಗಿ ಪುಣೆಗೆ ಬಂದು ಮೂವತ್ತು ವರ್ಷ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು ಇಂದಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಜಾವ ತರಕಾರಿ ಮಂಡಿಗೆ ಹೋಗಿ ಮೆಂತ್ಯ, ಕೊತ್ತಂಬರಿ ಕಟ್ಟು ಕಟ್ಟುವುದು ಅವಳ ಕೆಲಸ. ಬೆರಳ ತುದಿಗಳು ಸದಾ ಹಸಿರು. ಹೋಗುವಾಗಲೂ ಬರುವಾಗಲೂ ಆ ನಾಲೆ, ಅಂದರೆ ಗಲ್ಲಿಯ ಪಕ್ಕ ಹರಿಯುವ ದೊಡ್ಡ ತೆರೆದ ಚರಂಡಿ, ದಾಟಬೇಕು. ದಾಟಲು ಇದ್ದದ್ದು ಅಕ್ಕಪಕ್ಕ ಹಾಕಿದ ಎರಡು ಹಲಗೆ ಮಾತ್ರ, ಹಿಡಿಯಲು ಏನೂ ಇರಲಿಲ್ಲ. ಹಿಂದಿನ ವರ್ಷ ಅಲ್ಲಿ ಜಾರಿ ಬಿದ್ದು ಒಬ್ಬ ಮುದುಕಿಯ ಸೊಂಟ ಮುರಿದಿತ್ತು.

ಎರಡನೇ ವಾರ ಹುಣಸೆ ಬೀಜ ಹಾಕಿ ಮತ ತೆಗೆದೆವು. ದೀಪಕ್ಕೊಂದು ಬಟ್ಟಲು, ನಳಕ್ಕೊಂದು, ನಾಲೆಗೊಂದು. ನಾಲೆಯ ಬಟ್ಟಲು ತುಂಬಿತು. ಏನು ಮಾಡಿಸಬೇಕು ಎಂದು ಕೇಳಿದಾಗ ಕಸ್ತೂರಬಾಯಿ ಮಾತು ಶುರುಮಾಡಿದಳು. ಅವಳ ಮಾತು ಯಾವಾಗಲೂ ದೂರದಿಂದ ಹೊರಡುತ್ತಿತ್ತು. ತಾನು ಮದುವೆಯಾಗಿ ಬಂದಾಗ ಅದು ನಾಲೆಯಲ್ಲ, ಹಳ್ಳ, ಬಟ್ಟೆ ಒಗೆಯುತ್ತಿದ್ದರು ಎಂಬಲ್ಲಿಂದ ಹಿಡಿದು, ಯಾವ ವರ್ಷ ಯಾರ ಮನೆ ಎದ್ದಿತು, ಮೇಲಿನ ಗಲ್ಲಿಯವರು ಏನು ಮಾಡಿಕೊಂಡರು, ಎಲ್ಲ ಬರಬೇಕು. ಹೆಂಗಸರು ತಲೆಯಾಡಿಸುತ್ತ ಕೇಳಿದರು. ನಾನು ಗಡಿಯಾರ ನೋಡುತ್ತಿದ್ದೆ. ಅವತ್ತಿನ ಟಿಪ್ಪಣಿಯಲ್ಲಿ ಅವಳ ಅರ್ಧ ಗಂಟೆಯ ಮಾತನ್ನು ನಾನು ಬರೆದುಕೊಂಡದ್ದು ಎರಡೇ ಪದ: 'ನಾಲೆ, ಸುರಕ್ಷತೆ.'

ಜುಲೈ ಪೂರ್ತಿ ತಾಲೀಮು. ನಾನು ವಾರ್ಡಿನ ಸಾಹೇಬಳಾಗಿ ಕುರ್ಚಿಯಲ್ಲಿ ಕೂರುವುದು, ಅವರು ಒಬ್ಬೊಬ್ಬರಾಗಿ ಬಂದು ದೀಪವೋ ನಳವೋ ಯಾವುದಾದರೂ ಒಂದು ಬೇಡಿಕೆ ಹೇಳುವುದು. ನಕ್ಕು ನಕ್ಕು ಕಣ್ಣಲ್ಲಿ ನೀರು ಬರುತ್ತಿತ್ತು. ಮಹಾದೇವಿ ಎಂಬ ದರ್ಜಿ ಹೆಂಗಸು, ಮನೆಯಲ್ಲೇ ರವಿಕೆ ಹೊಲಿಯುವವಳು, ಭಾಳ ಜೋರು. "ಸಾಹೇಬ್ರ, ಹಾಕಿಸ್ತೀರೋ ಇಲ್ಲೋ, ಒಂದ ಮಾತಿನ್ಯಾಗ ಹೇಳ್ರಿ" ಎಂದು ಮೇಜು ಗುದ್ದಿದ್ದಳು. ಆದರೂ ವಾರ್ಡ್ ಕಚೇರಿಯಲ್ಲಿ ನಡೆಯುವ ನಿಜವಾದ ಸಭೆಯಲ್ಲಿ ಮಾತಾಡಲು ಎಲ್ಲರೂ ಆರಿಸಿದ್ದು ಕಸ್ತೂರಬಾಯಿಯನ್ನು. "ಆಕಿಗೆ ನಾಲಾದ್ದು ಎಲ್ಲಾ ಗೊತ್ತದ" ಎಂದು ಮಹಾದೇವಿಯೇ ಹೇಳಿದಳು.

ಸಭೆಯಲ್ಲಿ ಪ್ರತಿ ಗುಂಪಿಗೂ ಮೂರು ನಿಮಿಷ. ನಾನು ಫೋನಿನಲ್ಲಿ ಸಮಯ ಇಟ್ಟು ಅಭ್ಯಾಸ ಮಾಡಿಸಿದೆ. ಅವಳು ಹಳ್ಳದಿಂದಲೇ ಶುರುಮಾಡುತ್ತಿದ್ದಳು, ಬೇಡಿಕೆ ಬರುವ ಮೊದಲೇ ಮೂರು ನಿಮಿಷ ಮುಗಿದಿರುತ್ತಿತ್ತು.

"ಕಸ್ತೂರಬಾಯಿ, ಹಿಸ್ಟರಿ ಬೇಡ. ಡೈರೆಕ್ಟಾಗಿ ಪಾಯಿಂಟ್‌ಗೆ ಬನ್ನಿ."

"ಪಾಯಿಂಟ ಹಿಂದಿಂದಾನ ಬರ್ಬೇಕಲ್ರಿ ಅಕ್ಕಾರ. ಒಮ್ಮೆಲೆ ಹ್ಯಾಂಗ ಬರ್ತದ?"

ನಕ್ಕಿದ್ದೆ. ಈಗ ಆ ನಗು ನೆನೆದರೆ ಕಿವಿ ಬಿಸಿಯಾಗುತ್ತದೆ.

ಸಭೆ ಬಂದದ್ದು ಆಗಸ್ಟಿನ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಕೆಲಸದ ದಿನವಾದ್ದರಿಂದ ಉಳಿದವರು ಬರುವ ಹಾಗಿರಲಿಲ್ಲ. ನಾನೂ ಅವಳೂ ಇಬ್ಬರೇ ಹೋದೆವು. ಅವಳು ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಬೆರಳುಗಳನ್ನು ನಿಂಬೆಹೋಳಿನಿಂದ ಉಜ್ಜಿಕೊಂಡು ಬಂದಿದ್ದಳು. ತಗಡಿನ ಸೂರಿನ ಮೇಲೆ ಮಳೆ ಬಾರಿಸುತ್ತಿತ್ತು. ನಮ್ಮ ಸರದಿ ಬಂದಾಗ ಅವಳು ಎದ್ದು ಮೈಕು ಹಿಡಿದಳು. ನಾನು ಒಂದು ಫೋಟೋ ತೆಗೆದೆ.

ಮೂವತ್ತು ವರ್ಷದಲ್ಲಿ ಅವಳ ಮರಾಠಿ ಸಲೀಸಾಗಿತ್ತು. ನಮಸ್ಕಾರ ಹೇಳಿ, ನಾನು ಮದುವೆಯಾಗಿ ಬಂದಾಗ ಇಲ್ಲಿ ಹಳ್ಳ ಇತ್ತು ಸಾಹೇಬ್ರೇ ಎಂದು ಆರಂಭಿಸಿದಳು. ಅಧಿಕಾರಿ ವಯಸ್ಸಾದ ಮನುಷ್ಯ, ಒರಟನಲ್ಲ. ಬೇಡಿಕೆ ಏನು ಅಂತ ಹೇಳಿಬಿಡಿ ಅಕ್ಕ ಎಂದರು. ಅವಳು ತಲೆಯಾಡಿಸಿದಳು. ಸುಮ್ಮನಾದಳು. ಎಲ್ಲಿಂದ ಹಿಡಿಯಬೇಕೆಂದು ಹುಡುಕುತ್ತಿದ್ದಳು. ಎಷ್ಟು ಹೊತ್ತು? ಐದು ಸೆಕೆಂಡು, ಹೆಚ್ಚೆಂದರೆ ಎಂಟು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಹಿಂದೆ ಯಾರೋ ಕೆಮ್ಮಿದರು. ಆ ಮೌನ ಕಾಯುತ್ತಿದ್ದ ಅವರಿಗೂ ಕಷ್ಟವಾಗಲಿಲ್ಲ, ಹುಡುಕುತ್ತಿದ್ದ ಅವಳಿಗೂ ಆಗಲಿಲ್ಲ. ತಡೆಯಲಾರದೆ ಹೋದವಳು ನಾನು.

ಎದ್ದು ಅವಳ ಕೈಯಿಂದ ಮೈಕು ತೆಗೆದುಕೊಂಡೆ.

ಹಿಂದಿ, ಇಂಗ್ಲಿಷು ಬೆರೆಸಿ ಒಂದೇ ಉಸಿರಿಗೆ ಹೇಳಿದೆ. ಇಷ್ಟು ಮನೆಗಳು, ಎರಡು ಹಲಗೆ, ಒಬ್ಬರ ಸೊಂಟ ಮುರಿದಿದೆ, ತೆರೆದ ನಾಲೆ ಅಪಾಯ. "ಅಂದರೆ ಮೇಲೆ ಮುಚ್ಚಬೇಕು, ಅಲ್ಲವೇ?" ಎಂದರು ಅಧಿಕಾರಿ. ನನ್ನ ಟಿಪ್ಪಣಿಯಲ್ಲಿದ್ದ ಎರಡು ಪದಕ್ಕೆ ಅದು ಸರಿಯಾಗಿ ಹೊಂದಿತು. "ಹೌದು ಸರ್, ಕಾಂಕ್ರೀಟ್ ಚಪ್ಪಡಿ ಹಾಕಿಸಿ ಪೂರ್ತಿ ಮುಚ್ಚಿಬಿಡಿ" ಎಂದೆ. ಆಗ ನನ್ನ ದುಪಟ್ಟಾದ ತುದಿಯನ್ನು ಯಾರೋ ಜಗ್ಗಿದ ಹಾಗಾಯಿತು. ಕಸ್ತೂರಬಾಯಿ. ಗಾಬರಿಯಾಗಿದ್ದಾಳೆ ಎಂದುಕೊಂಡು ಅವಳ ಕೈ ತಟ್ಟಿ ಕೂರಿಸಿದೆ. ಇನ್ನೊಂದು ಕಾಮಗಾರಿಯಲ್ಲಿ ಉಳಿದ ಚಪ್ಪಡಿಗಳಿವೆ, ಎರಡು ವಾರದಲ್ಲಿ ಹಾಕಿಸುತ್ತೇನೆ, ಒಂದು ಲಿಖಿತ ಅರ್ಜಿ ಕೊಡಿ ಎಂದರು ಅಧಿಕಾರಿ. ಸಭೆಯಲ್ಲಿ ಅಷ್ಟು ಬೇಗ ಇತ್ಯರ್ಥವಾದದ್ದು ನಮ್ಮದೊಂದೇ.

ಹೊರಗೆ ಬಂದು ರಿಕ್ಷಾಕ್ಕೆ ಕಾಯುವಾಗ ಅವಳು ಮೆಲ್ಲಗೆ ಕೇಳಿದಳು.

"ಅಕ್ಕಾರ, ಮ್ಯಾಲೆ ಫರಸಿ ಹಾಕ್ರಿ ಅಂದ್ರೇನ್ರಿ ನೀವು?"

"ಹೌದು. ಪರ್ಮನೆಂಟ್ ಸಲ್ಯೂಷನ್ ಅದು. ಇನ್ನು ಯಾರೂ ಬೀಳಲ್ಲ."

"ಹಂಗಲ್ರಿ, ಮ್ಯಾಲಿನ ಗಲ್ಲಿಯವ್ರು ಹಿಂಗ ಹಾಕಿಸಿದ್ರಲ್ರಿ, ಆಗ..."

ನನ್ನ ಫೋನು ಹೊಡೆದುಕೊಂಡಿತು. ಆಫೀಸಿನದು. ಒಂದು ನಿಮಿಷ ಎಂದು ಬೆರಳೆತ್ತಿ ತೋರಿಸಿ ಆ ಕಡೆ ಹೋದೆ. ಮಾತು ಮುಗಿಸುವಷ್ಟರಲ್ಲಿ ರಿಕ್ಷಾ ಬಂದಿತ್ತು, ಅವಳು ಒಳಗೆ ಸರಿದು ನನಗೆ ಜಾಗ ಮಾಡಿ ಕೂತಿದ್ದಳು. ಏನೋ ಹೇಳ್ತಿದ್ರಲ್ಲ ಎಂದು ನಾನು ಕೇಳಲಿಲ್ಲ. ಶನಿವಾರ ಇಂಗ್ಲಿಷಿನಲ್ಲಿ ಅರ್ಜಿ ಬರೆದು ತಂದು ಮೊದಲ ಹೆಸರಾಗಿ ಅವಳ ಸಹಿ ಹಾಕಿಸಿದೆ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕಾಗದ ನೋಡಿದಳು, ಆಮೇಲೆ ಹಾಕಿದಳು. ಏನಂದು ಬಂದಿ ಎಂದು ಹೆಂಗಸರು ಕೇಳಿದ್ದಕ್ಕೆ, "ಹೇಳಿ ಬಂದೀನಿ" ಎಂದಷ್ಟೇ ಅಂದಳು.

ಗಣೇಶ ಚತುರ್ಥಿಯ ಹೊತ್ತಿಗೆ ಚಪ್ಪಡಿ ಬಿದ್ದವು. ದಾಟುವುದು ಸಲೀಸಾಯಿತು, ಸಾಹೇಬರೇ ಹೀಗೆ ಮಾಡಿಸಿದ್ದು ಎಂದುಕೊಂಡರಂತೆ ಹೆಂಗಸರು. ಮಕ್ಕಳು ಅದರ ಮೇಲೆ ಕುಂಟಾಬಿಲ್ಲೆ ಆಡಿದರು. ನಾನು ವರದಿ ಬರೆದು ಕಳಿಸಿದೆ. "ಸಭೆಯಲ್ಲಿ ಕಸ್ತೂರಬಾಯಿಯವರು ಧೈರ್ಯವಾಗಿ ಎದ್ದುನಿಂತು ತಮ್ಮ ಗಲ್ಲಿಯ ಬೇಡಿಕೆಯನ್ನು ಮಂಡಿಸಿದರು" ಎಂದು ಬರೆದೆ. ಜೊತೆಗೆ ಆ ಫೋಟೋ. ಸಂಸ್ಥೆಯವರಿಗೆ ಬಹಳ ಮೆಚ್ಚುಗೆಯಾಯಿತು, ತಮ್ಮ ಕರಪತ್ರದಲ್ಲಿ ಅದನ್ನೇ ಹಾಕಿದರು. ಕರಪತ್ರದ ಹತ್ತು ಪ್ರತಿಗಳನ್ನು ನಾನೇ ಗಲ್ಲಿಯಲ್ಲಿ ಹಂಚಿದೆ.

ಸೆಪ್ಟೆಂಬರ್ ಕೊನೆಯಲ್ಲಿ ಮಳೆ ಮತ್ತೆ ಹಿಡಿಯಿತು. ಒಂದು ಶುಕ್ರವಾರ ಮಧ್ಯಾಹ್ನ ಎರಡೂವರೆ ತಾಸು ಎಡೆಬಿಡದೆ ಸುರಿಯಿತು. ಮೇಲಿನಿಂದ ಬಂದ ಹೂಳು, ಪ್ಲಾಸ್ಟಿಕ್ಕು ಎಲ್ಲ ಚಪ್ಪಡಿಯ ಕೆಳಗೆ ಸಿಕ್ಕಿಕೊಂಡಿತು. ತೆರೆದ ನಾಲೆಯಾಗಿದ್ದರೆ ಗಲ್ಲಿಯವರೇ ಬಿದಿರಿನ ಗಳ ಹಿಡಿದು ಎಳೆದುಹಾಕುತ್ತಿದ್ದರಂತೆ, ಪ್ರತಿ ವರ್ಷ ಹಾಗೇ ಮಾಡುತ್ತಿದ್ದರಂತೆ. ಈಗ ಎಳೆಯಲು ದಾರಿಯಿರಲಿಲ್ಲ. ನೀರು ಹಿಂದಕ್ಕೆ ಹೊಡೆದು ಕೆಳಗಿನ ಸಾಲಿನ ಮನೆಗಳಿಗೆ ಮೊಣಕಾಲುದ್ದ ನುಗ್ಗಿತು. ದೇವರ ದಯೆ, ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ.

ಮರುದಿನ ನಾನು ಹೋದಾಗ ಗಲ್ಲಿ ತುಂಬ ಬ್ಲೀಚಿಂಗ್ ಪುಡಿ. ಬಾಗಿಲ ಬಾಗಿಲಿಗೆ ಒದ್ದೆ ಹಾಸಿಗೆ, ಕಪ್ಪು ಕೆಸರು ಮೆತ್ತಿದ ಹಿಟ್ಟಿನ ಡಬ್ಬಿ. ಮಹಾದೇವಿಯ ಹೊಲಿಗೆ ಯಂತ್ರದ ಮೋಟಾರು ಕೆಟ್ಟಿತ್ತು, ನವರಾತ್ರಿಗೆಂದು ಜನ ಕೊಟ್ಟಿದ್ದ ರವಿಕೆ ಕಣಗಳೆಲ್ಲ ಕೊಚ್ಚೆಯಲ್ಲಿ ನೆಂದು ಗಬ್ಬು ನಾರುತ್ತಿದ್ದವು. ಕಸ್ತೂರಬಾಯಿ ತನ್ನ ತಾಯಿ ಹೊಲಿದುಕೊಟ್ಟಿದ್ದ ಎರಡು ಕೌದಿಗಳನ್ನು ಕಸದ ಗಾಡಿಗೆ ಹಾಕಿ ಬಂದು, ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ಮಹಾದೇವಿ ಅವಳ ಎದುರು ನಿಂತು ಕೂಗುತ್ತಿದ್ದಳು. ಕೈಯಲ್ಲಿ ಆ ಕರಪತ್ರ.

"ಕಂಬಿ ಕೇಳಿ ಬಾ ಅಂತ ಕಳಿಸಿದ್ವಿ ನಿನ್ನ! ದಾಟಾಕ ಎರಡೂ ಬಾಜೂಕ ಕಂಬಿ, ಮಳಿಗಿಂತ ಮೊದಲ ಹೂಳ ತಗೀಬೇಕು. ಇಷ್ಟ ಮಾತು. ಫರಸಿ ಹಾಕ್ರಿ ಅಂತ ಯಾರ ಹೇಳಿದ್ರು ನಿನಗ? ಫರಸಿ ಹಾಕಿ ಮ್ಯಾಲಿನ ಗಲ್ಲ್ಯಾಗ ಮನಿಗೆಲ್ಲಾ ನೀರು ಹೊಕ್ಕಿತ್ತು ಅಂತ ನೀನ ಹೇಳ್ತಿದ್ದಿ, ಮರತೇನು? ಫೋಟೋ ತಗಸ್ಕೊಂಡ ಬಂದಿ!"

ಆಗ ನನಗೆ ಗೊತ್ತಾಯಿತು. ಹುಣಸೆ ಬೀಜದ ದಿನ ಅವಳು ಅರ್ಧ ಗಂಟೆ ಹೇಳಿದ್ದು ಇದನ್ನೇ. ದುಪಟ್ಟಾ ಜಗ್ಗಿದ್ದು ಇದಕ್ಕೇ.

ಕಸ್ತೂರಬಾಯಿ ತಲೆ ಎತ್ತಿ ನನ್ನನ್ನು ನೋಡಿದಳು. ದೂರುವ ನೋಟವಲ್ಲ. ಹೇಳುತ್ತೀರಾ ಎಂದು ಕೇಳಿದ ಹಾಗಿತ್ತು. ಎಲ್ಲರೂ ಇದ್ದರು. ಒಂದೇ ವಾಕ್ಯ ಸಾಕಿತ್ತು, 'ಹೇಳಿದ್ದು ಇವರಲ್ಲ, ನಾನು.' ನಾನು ಬಾಗಿಲ ಪಕ್ಕದಲ್ಲಿದ್ದ ಪೊರಕೆ ಎತ್ತಿಕೊಂಡು ಕೆಸರು ಗುಡಿಸತೊಡಗಿದೆ. ಈಗ ಸಮಯವಲ್ಲ, ಎಲ್ಲರೂ ಸಿಟ್ಟಿನಲ್ಲಿದ್ದಾರೆ, ಆಮೇಲೆ ಶಾಂತವಾಗಿ ಹೇಳೋಣ ಎಂದು ನನಗೆ ನಾನೇ ಅಂದುಕೊಂಡೆ. ಅವಳು ಮತ್ತೆ ಪಾತ್ರೆಗೆ ಬಾಗಿದಳು. "ಪಾಪ, ಮೇಡಂ ಅವ್ರು ಬಂದು ಗುಡಸಾಕತ್ಯಾರ ನೋಡ್ರಿ" ಎಂದು ಯಾರೋ ನನಗೆ ಚಹಾ ತಂದುಕೊಟ್ಟರು. ಕುಡಿದೆ.

ಆಮೇಲೆ ಎಂಬುದು ಬರಲಿಲ್ಲ. ದೀಪಾವಳಿಗೆ ಊರಿಗೆ ಹೋಗಿ ಬಂದು ನೋಡಿದರೆ ಕಸ್ತೂರಬಾಯಿಯ ಬಾಗಿಲಿಗೆ ಬೀಗ. ಕೆಲಸ ಬಿಟ್ಟು ಇಂದಾಪುರಕ್ಕೆ ಮಗಳ ಹತ್ತಿರ ಹೋದಳಂತೆ. ನಳದ ಹತ್ತಿರ ಯಾರೂ ಮಾತಾಡಿಸುತ್ತಿರಲಿಲ್ಲವಂತೆ. ಡಿಸೆಂಬರಿನಲ್ಲಿ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ನನ್ನಿಂದ ಭಾಷಣ ಮಾಡಿಸಿದರು. ಹಿಂದಿನ ಪರದೆಯ ಮೇಲೆ ಆಳೆತ್ತರಕ್ಕೆ ಅವಳ ಫೋಟೋ, ಹಸಿರು ಸೀರೆ, ಕೈಯಲ್ಲಿ ಮೈಕು, ಮಾತಿಗೆ ಅರ್ಧ ತೆರೆದ ಬಾಯಿ. ಜನ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದು ಕೆಳಗಿಳಿದೆ.

ಜನವರಿಯಲ್ಲಿ ಒಂದು ಭಾನುವಾರ ಹಡಪಸರದಲ್ಲಿ ಸರ್ಕಾರಿ ಎಸ್‌ಟಿ ಬಸ್ಸು ಹತ್ತಿ ಇಂದಾಪುರಕ್ಕೆ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು, ಮೂರು ತಾಸಿನ ದಾರಿಗೆ ನಾಲ್ಕೂವರೆ. ಮಗಳ ಮನೆ ಬಸ್ ಸ್ಟ್ಯಾಂಡಿನ ಹಿಂದೆಯೇ. ಕಸ್ತೂರಬಾಯಿ ಅಂಗಳದಲ್ಲಿ ಕೂತು ಹಸಿಗಡಲೆ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಗಡಬಡಿಸಿ ಎದ್ದಳು.

"ಬರ್ರಿ ಅಕ್ಕಾರ, ಬರ್ರಿ. ಇಷ್ಟ ದೂರ ಒಬ್ರ ಬಂದ್ರೇನ್ರಿ?"

ರೊಟ್ಟಿ ಬಡಿದಳು, ಹಸಿಗಡಲೆ ಪಲ್ಯ ಮಾಡಿದಳು, ಮಗಳ ಡ್ಯೂಟಿಯ ವಿಷಯ ಹೇಳಿದಳು. ಉಂಡೆ. ಕೈ ತೊಳೆಯಲು ನೀರು ಹಾಕುತ್ತ ಅವಳೇ ಕೇಳಿದಳು.

"ಒಂದ ಮಾತು ಕೇಳ್ಲೇನ್ರಿ? ಅವತ್ತ ನಾ ಪೂರಾ ಹೇಳಿದ್ದರ ಆ ಸಾಹೇಬ್ರು ಕೇಳ್ತಿದ್ರೇನು?"

ಇಲ್ಲ ಎಂದರೆ ನಾನು ಬಚಾವು. ಅವರಿಗೆಲ್ಲಿ ಪುರುಸೊತ್ತು, ಹೇಗಿದ್ದರೂ ಅದೇ ಆಗುತ್ತಿತ್ತು ಎನ್ನಬಹುದಿತ್ತು. ಬಸ್ಸಿನಲ್ಲಿ ಬರುವಾಗ ಆ ವಾಕ್ಯವನ್ನೂ ಸಿದ್ಧ ಮಾಡಿಕೊಂಡಿದ್ದೆ.

"ಕೇಳ್ತಿದ್ರು" ಎಂದೆ. "ಅವ್ರು ಕಾಯ್ತಾ ಇದ್ರು, ಕಸ್ತೂರಬಾಯಿ. ನಾನು ಬಿಡಲಿಲ್ಲ. ತಪ್ಪು ನಂದು."

ಅವಳು ತಂಬಿಗೆ ಕೆಳಗಿಟ್ಟಳು.

"ನನಗ ಮಾತಾಡಾಕ ಬರಲಿಲ್ಲ, ಅದಕ್ಕ ನೀವು ಎದ್ರಿ ಅಂತ ತಿಳ್ಕೊಂಡಿದ್ದೆ. ಇಷ್ಟ ದಿನ ಹಂಗಽ ತಿಳ್ಕೊಂಡಿದ್ದೆ. ಅರ್ಜಿ ಮ್ಯಾಲ ಸಹಿ ಮಾಡುವಾಗೂ, ಇವ್ರು ಓದಿದವ್ರು, ಇವ್ರಿಗೆ ಗೊತ್ತಿರ್ತದ, ನಂದಽ ತಪ್ಪಿರ್ಬೇಕು ಅಂದ್ಕೊಂಡೆ. ಗಲ್ಲಿಯವ್ರು ಬೈದಾಗ, ಬೈಲಿ, ನನ್ನ ಕಳಿಸಿದ್ರು, ನನ್ನ ಕೈಲಿ ಆಗಲಿಲ್ಲಲ್ಲ ಅಂತ ಸುಮ್ಮನಿದ್ದೆ."

"ಕ್ಷಮಿಸಿ" ಎಂದೆ.

"ನನಗ ಹೇಳಿ ಏನ ಮಾಡ್ತೀರಿ? ನನ್ನ ಮನ್ಯಾಗ ಉಂಡು ನನಗ ಹೇಳಿದ್ರ ಮುಗೀತೇನ್ರಿ? ಅಲ್ಲಿ ಹೋಗಿ ಹೇಳ್ರಿ."

ದನಿ ಏರಿಸಲಿಲ್ಲ. ಬಸ್ಸಿಗೆ ಬಿಡಲು ಬಂದಳು, ಕಿಟಕಿಯಲ್ಲಿ ಹಸಿಗಡಲೆಯ ಕಟ್ಟೊಂದನ್ನು ಕೊಟ್ಟಳು. ಬಸ್ಸು ಹೊರಡುವವರೆಗೆ ನಿಲ್ಲಲಿಲ್ಲ.

ಮುಂದಿನ ಶನಿವಾರವೇ ಹೇಳಿದೆ ಎಂದು ಬರೆಯಲು ಆಸೆ. ಆದರೆ ಎರಡು ಶನಿವಾರ ನೆಗಡಿ ಎಂದೆ, ಒಂದು ಶನಿವಾರ ಆಫೀಸು ಎಂದೆ. ನಾಲ್ಕನೆಯದಕ್ಕೆ ಹೋಗಿ, ಒಂಬತ್ತು ಜನರ ಎದುರು ನಿಂತು, ಮೈಕಿನಿಂದ ಹಿಡಿದು ಪೊರಕೆಯವರೆಗೆ ಎಲ್ಲವನ್ನೂ ಹೇಳಿದೆ. ಯಾರೂ ನಡುವೆ ಬಾಯಿ ಹಾಕಲಿಲ್ಲ.

ಮಹಾದೇವಿ ಎದ್ದಳು. "ಇದನ್ನ ಹೇಳಾಕ ನಿಮಗ ಇಷ್ಟ ದಿನ ಬೇಕಾತೇನ್ರಿ?" ಎಂದಳು. "ಆಕೀನ ನಾ ಏನೇನ್ ಅಂದೆ ಗೊತ್ತದೇನ್ರಿ ನಿಮಗ? ಅಲ್ಲೇ ನಿಂತು ಕೇಳಿದ್ರಿ." ಫೋನು ತೆಗೆದುಕೊಂಡು ಹೊರಗೆ ಹೋದಳು. ಮೆಟ್ಟಿಲ ಮೇಲೆ ಕೂತು ಕಸ್ತೂರಬಾಯಿಯ ಜೊತೆ ಮಾತಾಡಿದಳು, ಅತ್ತಳು, ಮತ್ತೆ ಮಾತಾಡಿದಳು. ಒಳಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನೀವಿನ್ನ ಹೋಗ್ರಿ ಅಕ್ಕಾರ. ನಾವು ಸ್ವಲ್ಪ ಮಾತಾಡ್ಬೇಕಾಗ್ಯಾದ." ಕಡತ ಎತ್ತಿಕೊಂಡು ಎದ್ದೆ. ಸಂಸ್ಥೆಯವರಿಗೂ ಹೋಗಿ ಹೇಳಿದೆ. ಅವರು ಕರಪತ್ರ ನಿಲ್ಲಿಸಿದರು, ನನ್ನ ಬಗ್ಗೆ ಒಳ್ಳೆಯ ಮಾತೇ ಆಡಿದರು. ನಾನು ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ.

ಮೇ ತಿಂಗಳಲ್ಲಿ, ನಾವು ಖಡಕಿಗೆ ಮನೆ ಬದಲಿಸುವ ಗಡಿಬಿಡಿಯಲ್ಲಿದ್ದಾಗ, ಮಹಾದೇವಿ ಫೋನು ಮಾಡಿದಳು. ಹೆಂಗಸರೆಲ್ಲ ಸೇರಿ ಇಂದಾಪುರದಿಂದ ಕಸ್ತೂರಬಾಯಿಯನ್ನು ಕರೆಸಿದರಂತೆ. ಈ ಸಲ ಒಂದು ದಿನದ ಕೆಲಸ ಬಿಟ್ಟು ಏಳು ಜನ ವಾರ್ಡ್ ಸಭೆಗೆ ಹೋದರಂತೆ. ಕಸ್ತೂರಬಾಯಿ ಹಳ್ಳದಿಂದ ಶುರುಮಾಡಿ, ಮೇಲಿನ ಗಲ್ಲಿಯ ಕತೆ ಹೇಳಿ, ತಮ್ಮ ಗಲ್ಲಿಯ ಕತೆ ಹೇಳಿ, ಚಪ್ಪಡಿ ತೆಗೆದು ಕಂಬಿ ಹಾಕಿಸಬೇಕು ಎಂದು ಕೇಳಿದಳಂತೆ.

"ಅದೇ ಸಾಹೇಬ್ರಾ?" ಎಂದೆ.

"ಅವ್ರಽ ರೀ. ಕುಂತು ಕೇಳಿದ್ರು. ನಡುವ ಎರಡು ಸವಾಲ ಕೇಳಿ ಬರಕೊಂಡ್ರು. ನಾಳೆಯಿಂದ ಫರಸಿ ಎತ್ತತಾರ."

ಒಳ್ಳೆಯದಾಯಿತು ಎಂದೆ. ಇನ್ನೊಂದು ಮಾತು ಕೇಳಬಾರದಿತ್ತು, ಕೇಳಿಬಿಟ್ಟೆ.

"ಕಸ್ತೂರಬಾಯಿ ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?"



"ಇಲ್ರಿ ಅಕ್ಕಾರ. ಏನೂ ಕೇಳಲಿಲ್ಲ."